ಮೂರು ಸಲ ಸೋತರೂ ಅದೇ ಕೋಣೆ: ಕಥೆಯಿರುವ ಬೋರ್ಡ್ ಗೇಮ್‌ಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಒಂದು ಸಂಜೆಗೆ ಮುಗಿಯದ ಬೋರ್ಡ್ ಗೇಮ್‌ಗಳಿವೆ. ಈ ವಾರ ಎಲ್ಲಿ ನಿಲ್ಲಿಸುತ್ತೀರೋ ಮುಂದಿನ ವಾರ ಅಲ್ಲಿಂದಲೇ ಶುರು. ಪಾತ್ರಗಳು ಬೆಳೆಯುತ್ತವೆ, ನೀವು ಮಾಡಿದ ಆಯ್ಕೆಯಂತೆ ಕಥೆ ದಾರಿ ಬದಲಿಸುತ್ತದೆ. ಇವನ್ನು ಕ್ಯಾಂಪೇನ್ ಗೇಮ್ ಅನ್ನುತ್ತಾರೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಗ್ಲೂಮ್‌ಹೇವನ್ ಬಗ್ಗೆ. ಐಸಾಕ್ ಚಿಲ್ಡ್ರೆಸ್ ರೂಪಿಸಿದ ಈ ಆಟ 2017ರಲ್ಲಿ ಬಂತು. ಒಳಗೆ 95 ಸಿನಾರಿಯೊಗಳಿವೆ, ಅಂದರೆ ಒಂದೊಂದಾಗಿ ಆಡುವ ಕಥೆಯ ಅಧ್ಯಾಯಗಳು. ಪೆಟ್ಟಿಗೆ ಎತ್ತಿ ನೋಡಿದವರಿಗೆ ಅದರ ತೂಕ ಗೊತ್ತು.

ನಾವು ನಾಲ್ಕು ಜನ ಸ್ನೇಹಿತರು ಗ್ಲೂಮ್‌ಹೇವನ್ ಶುರು ಮಾಡಿದ್ದೇವೆ. ಮೊದಲ ಸಿನಾರಿಯೊದಲ್ಲೇ ಮೂರು ಸಲ ಸೋತೆವು. "ಗೆದ್ದೆವು ಅಂದ್ಕೊಂಡು ಮುಂದೆ ಹೋಗೋಣ" ಅಂತ ಒಬ್ಬ, "ಅದು ಮೋಸ" ಅಂತ ಇನ್ನೊಬ್ಬ. ಏನು ಮಾಡೋಣ? (ಬೆಂಗಳೂರು)

ಮುಂದೆ ಹೋಗಿ. ಆದರೆ ಅದಕ್ಕೆ ಮೊದಲು ಇನ್ನೊಂದೇ ಒಂದು ಸಲ ಆಡಿ, ಕೆಳಗಿನದನ್ನು ಓದಿಕೊಂಡು.

ನೀವು ಸೋತ ಆ ಮೊದಲ ಸಿನಾರಿಯೊದ ಹೆಸರು ಬ್ಲ್ಯಾಕ್ ಬ್ಯಾರೊ. ಹೊಸಬರಿಗೆ ಇಂಥದ್ದನ್ನು ಮೊದಲ ಪಾಠವಾಗಿ ಇಟ್ಟದ್ದೇ ನನ್ನ ಪ್ರಕಾರ ಸ್ವಲ್ಪ ಅನ್ಯಾಯ. ಕತ್ತಿ ಹಿಡಿದ ಡಕಾಯಿತರು, ಅವರ ಹಿಂದೆ ಬಿಲ್ಲುಗಾರರು, ಅವರೆಲ್ಲ ಮುಗಿದರು ಅನ್ನುವಷ್ಟರಲ್ಲಿ ಎದ್ದು ಬರುವ ಅಸ್ಥಿಪಂಜರಗಳು. ಇಲ್ಲಿ ಸೋತವರು ನೀವೇ ಮೊದಲಲ್ಲ.

ಸೋಲಿಗೆ ಸಾಮಾನ್ಯ ಕಾರಣ ದೊಡ್ಡ ಕಾರ್ಡ್‌ಗಳನ್ನು ಬೇಗ ಎಸೆಯುವುದು. ಪ್ರತಿ ಸರದಿಗೆ ಎರಡು ಕಾರ್ಡ್ ಆಡುತ್ತೀರಿ: ಒಂದರ ಮೇಲಿನ ಅರ್ಧ, ಇನ್ನೊಂದರ ಕೆಳಗಿನ ಅರ್ಧ. ಕೈ ಖಾಲಿಯಾದಾಗ ವಿಶ್ರಾಂತಿ ತೆಗೆದುಕೊಂಡು ಅವನ್ನು ವಾಪಸ್ ಪಡೆಯುತ್ತೀರಿ. ಆದರೆ ಪ್ರತಿ ವಿಶ್ರಾಂತಿಗೂ ಒಂದು ಕಾರ್ಡ್ ಕಾಯಂ ಹೋಗುತ್ತದೆ. ಬ್ರೂಟ್ ಪಾತ್ರಕ್ಕೆ ಸಿಗುವುದು 10 ಕಾರ್ಡ್. ಲೆಕ್ಕ ಹಾಕಿದರೆ, ವಿಶ್ರಾಂತಿಗೆ ಹೋಗುವ ಸರದಿ ಬಿಟ್ಟು, ಒಟ್ಟು 25 ಸರದಿ ಆಡಬಹುದು. ಈಗ ಶುರುವಿನಲ್ಲೇ, ಆಡಿದರೆ ಮತ್ತೆ ಸಿಗದ ಒಂದು ದೊಡ್ಡ ಕಾರ್ಡ್ ಆಡಿದಿರಿ ಅನ್ನಿ. 25 ಹೋಗಿ 21 ಆಯಿತು. ಒಂದು ಹೊಡೆತಕ್ಕೆ ನಾಲ್ಕು ಸರದಿ ಖರ್ಚು! ಅದನ್ನೇ ಕೊನೆಯ ಕೋಣೆಗೆ ಉಳಿಸಿಕೊಂಡರೆ ಹೋಗುವುದು ಒಂದೋ ಎರಡೋ ಸರದಿ. ಸಿನಾರಿಯೊ ಮುಗಿಯುವ ತನಕ ಮುಂದೆ ಇದ್ದು ಕೆಲಸ ಮಾಡುವ ಕಾರ್ಡ್‌ಗಳ ಮಾತು ಬೇರೆ, ಅವನ್ನು ಬೇಗ ಆಡಿದರೆ ಲಾಭ ಇರುತ್ತದೆ. ಉಳಿದವನ್ನು ಜಿಪುಣತನದಿಂದ ಬಳಸಿ.

ಇನ್ನೊಂದು, ಬಾಗಿಲು. ಯಾವ ಸುತ್ತಿನಲ್ಲಿ ತೆರೆದಿರೋ ಅದೇ ಸುತ್ತಿನಲ್ಲಿ ಒಳಗಿದ್ದವರು ಹೊಡೆಯಲು ಬರುತ್ತಾರೆ. ಒಬ್ಬರು ಓಡಿ ಹೋಗಿ ತೆರೆದು, ಉಳಿದ ಮೂವರು ಹಿಂದೆ ಚಿನ್ನ ಹೆಕ್ಕುತ್ತಾ ನಿಂತರೆ ಕಥೆ ಮುಗಿಯಿತು. ಎಲ್ಲರೂ ಹತ್ತಿರ ಬರಲಿ, ಕಾರ್ಡ್ ವಾಪಸ್ ಕೈಗೆ ಬರಲಿ, ಆಮೇಲೆ ತೆರೆಯಿರಿ.

ಇಷ್ಟಾದರೂ ಆಗಲಿಲ್ಲವಾದರೆ ಕಷ್ಟದ ಮಟ್ಟ ಇಳಿಸಿ. ಇದು ಮೋಸ ಅಲ್ಲವೇ ಅಲ್ಲ, ರೂಲ್‌ಬುಕ್ಕೇ ಹೇಳುವ ಮಾತು. ಪಾತ್ರಗಳ ಸರಾಸರಿ ಮಟ್ಟದ ಅರ್ಧ ತೆಗೆದು, ಭಿನ್ನ ಬಂದರೆ ಮೇಲಕ್ಕೆ ಏರಿಸಿದರೆ ಸಿನಾರಿಯೊದ ಮಟ್ಟ ಸಿಗುತ್ತದೆ. ಹೊಸ ತಂಡಕ್ಕೆ ಅದು 1. ಸುಲಭ ಬೇಕಿದ್ದರೆ ಒಂದು ಕಡಿಮೆ ಮಾಡಿ 0 ಇಡಬಹುದು. ಕಳೆದುಕೊಳ್ಳುವುದಾದರೂ ಏನು? ಗೆದ್ದರೆ ಸಿಗುವ ಹೆಚ್ಚುವರಿ ಅನುಭವದ ಅಂಕ 6ರ ಬದಲು 4 ಆಗುತ್ತದೆ, ಅಷ್ಟೇ. ಚಿನ್ನದ ಬೆಲೆ ಎರಡರಲ್ಲೂ ಒಂದೇ. ಬೋನಿನಲ್ಲಿ ಸಿಕ್ಕಿಬಿದ್ದರೆ ಆಗುವ ಪೆಟ್ಟು ಕೂಡ 3ರಿಂದ 2ಕ್ಕೆ ಇಳಿಯುತ್ತದೆ. ಜನ ಇದನ್ನು ಮಾಡದೇ ಇರುವುದು ಬರೀ ಮರ್ಯಾದೆ ಪ್ರಶ್ನೆಯಿಂದ.

ಈಗ ನಿಮ್ಮ ಜಗಳಕ್ಕೆ ಬರೋಣ. ನಾನು ಎಲ್ಲ ತಂಡಗಳಿಗೂ ಹೇಳುವ ಮನೆ ನಿಯಮ ಇದು: ಮೊದಲ ಸೋಲಿಗೆ ಅದೇ ಮಟ್ಟದಲ್ಲಿ ಮತ್ತೆ ಆಡಿ. ಎರಡನೇ ಸೋಲಿಗೆ ಒಂದು ಮಟ್ಟ ಇಳಿಸಿ. ಮೂರನೇ ಸಲವೂ ಸೋತರೆ ಆ ಸಿನಾರಿಯೊದ ಕಥೆಯ ಕೊನೆಯ ಪ್ಯಾರಾ ಓದಿ, ಮುಂದಿನ ಜಾಗ ತೆರೆಯಿರಿ. ಬಹುಮಾನದ ಚಿನ್ನ, ವಸ್ತು ಯಾವುದೂ ಬೇಡ. ಮುಂದಿನ ಸಿನಾರಿಯೊ ತೆರೆಯಲು ಬೇಕಾದ ಸಾಧನೆಗಳನ್ನು ಮಾತ್ರ ಬರೆದುಕೊಳ್ಳಿ, ಇಲ್ಲವಾದರೆ ಮುಂದೆ ದಾರಿಯೇ ಮುಚ್ಚಿಹೋಗುತ್ತದೆ. ಸೋತರೂ ಆ ದಿನ ಹೆಕ್ಕಿದ ಚಿನ್ನ, ಗಳಿಸಿದ ಅನುಭವದ ಅಂಕ ನಿಮ್ಮದೇ, ಅದು ಮೂಲ ನಿಯಮದಲ್ಲೇ ಇದೆ. "ಮೋಸ" ಅನ್ನುವ ಸ್ನೇಹಿತರಿಗೂ ಇದು ಒಪ್ಪಿಗೆಯಾಗಬಹುದು. ಒಂದೇ ಷರತ್ತು, ಈ ಒಪ್ಪಂದ ಪೆಟ್ಟಿಗೆ ಬಿಚ್ಚುವ ಮೊದಲೇ ಆಗಬೇಕು. ಸೋತ ಮೇಲೆ ಮಾಡಿದರೆ ಅದು ನೆಪದ ಹಾಗೆ ಕಾಣುತ್ತದೆ.

ಬೇರೆ ಆಟಗಳು ಇದನ್ನು ತಾವೇ ನೋಡಿಕೊಳ್ಳುತ್ತವೆ. ಪ್ಯಾಂಡೆಮಿಕ್ ಲೆಗಸಿ ಮೊದಲ ಸೀಸನ್‌ನಲ್ಲಿ ಒಂದು ವರ್ಷದ ಕಥೆ ಇದೆ, ತಿಂಗಳಿಗೊಂದು ಆಟ. ಸೋತರೆ ಅದೇ ತಿಂಗಳು ಇನ್ನೊಂದು ಅವಕಾಶ, ಆಗಲೂ ಸೋತರೆ ಕಥೆ ಮುಂದಕ್ಕೆ ಹೋಗಿಯೇ ಹೋಗುತ್ತದೆ. ಹಾಗಾಗಿ ಒಟ್ಟು 12ರಿಂದ 24 ಆಟ. ಸೋತವರಿಗೆ ಮುಂದಿನ ಸಲ ಸಹಾಯದ ಕಾರ್ಡ್ ಎರಡು ಜಾಸ್ತಿ, ಗೆದ್ದವರಿಗೆ ಎರಡು ಕಡಿಮೆ. 2016ರ ಅರ್ಕಮ್ ಹಾರರ್ ಕಾರ್ಡ್ ಗೇಮ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸೋಲು ಕೂಡ ಕಥೆಯ ಒಂದು ತಿರುವು. ಏಟು ತಿಂದ ಪಾತ್ರ ಆ ಗಾಯ ಹೊತ್ತುಕೊಂಡೇ ಮುಂದಿನ ಅಧ್ಯಾಯಕ್ಕೆ ಬರುತ್ತದೆ. ನನಗೆ ಈ ರೀತಿ ಹೆಚ್ಚು ಇಷ್ಟ.

ಒಂದು ಕಡೆ ಮಾತ್ರ ಕೈ ಹಾಕಬೇಡಿ. "ವಿಶ್ರಾಂತಿಗೆ ಕಾರ್ಡ್ ಕಳೆಯೋದು ಬೇಡ", "ಸೊನ್ನೆ ಬಂದರೆ ಮತ್ತೆ ಎಳೆಯೋಣ" ಅಂತ ಶುರುವಾದರೆ ಆಟದ ಜೀವವೇ ಹೋಗುತ್ತದೆ. ಪ್ರತಿ ಹೊಡೆತಕ್ಕೂ ಒಂದು ಕಾರ್ಡ್ ಎಳೆಯುವ ದಾಳಿಯ ಕಟ್ಟಿನಲ್ಲಿ 20 ಕಾರ್ಡ್ ಇವೆ. ಒಂದು ಕಾರ್ಡ್ ಹೊಡೆತವನ್ನು ಪೂರ್ತಿ ಸೊನ್ನೆ ಮಾಡುತ್ತದೆ, ಇನ್ನೊಂದು ಎರಡು ಪಟ್ಟು. ಮೈನಸ್ ಕಾರ್ಡ್‌ಗಳನ್ನು ನಿಧಾನವಾಗಿ ತೆಗೆದು ಕಟ್ಟನ್ನು ಒಳ್ಳೆಯದು ಮಾಡಿಕೊಳ್ಳುವುದೇ ಪಾತ್ರದ ಬೆಳವಣಿಗೆ. ಸಮಯ, ಸೋಲು, ಹಾಜರಿ, ಇವುಗಳ ನಿಯಮ ಬೇಕಾದಂತೆ ಬದಲಿಸಿ. ತಲೆ ಕೆಡಿಸಿಕೊಂಡು ಆಯ್ಕೆ ಮಾಡಬೇಕಾದ ಜಾಗದ ನಿಯಮ ಮುಟ್ಟಬೇಡಿ.

ನಮ್ಮ ಭಾವ ಆಟದಲ್ಲಿ ಬಹಳ ಹುಷಾರು. ಆದರೆ ಎಲ್ಲರ ಕಾರ್ಡೂ ಅವರೇ ಆಡುತ್ತಾರೆ. "ಇದನ್ನ ಇಡು, ಅಲ್ಲಿ ಹೋಗು" ಅಂತ. ದೊಡ್ಡವರು, ಹೇಳೋದು ಹೇಗೆ? (ಧಾರವಾಡ)

ನೀವು ಹೇಳಬೇಡಿ, ರೂಲ್‌ಬುಕ್ ಹೇಳಲಿ. ಗ್ಲೂಮ್‌ಹೇವನ್‌ನಲ್ಲಿ ನಿಮ್ಮ ಕಾರ್ಡನ್ನು ಬೇರೆಯವರಿಗೆ ತೋರಿಸುವ ಹಾಗಿಲ್ಲ, ಅದರ ಅಂಕಿಗಳನ್ನು ಬಾಯಿಬಿಟ್ಟು ಹೇಳುವ ಹಾಗೂ ಇಲ್ಲ. "ನಾನು ಬೇಗ ಹೋಗ್ತೀನಿ", "ಆ ಬಿಲ್ಲುಗಾರನನ್ನ ನಾನು ನೋಡ್ಕೋತೀನಿ", ಇಷ್ಟು ಮಾತಾಡಬಹುದು. ಎಷ್ಟೋ ಮನೆಗಳಲ್ಲಿ ಈ ನಿಯಮವನ್ನು ಸುಮ್ನೆ ಬಿಟ್ಟುಬಿಡುತ್ತಾರೆ, ಆಮೇಲೆ ಒಬ್ಬರ ಆಟವಾಗುತ್ತದೆ. "ಭಾವ, ಈ ಸಲ ರೂಲ್ಸ್ ಪ್ರಕಾರ ಕಾರ್ಡ್ ಮುಚ್ಚಿಕೊಂಡೇ ಆಡೋಣ" ಅಂದರೆ ಯಾರಿಗೂ ಬೇಜಾರಾಗುವುದಿಲ್ಲ.

ಜೊತೆಗೆ ಅವರಿಗೆ ಒಂದು ದೊಡ್ಡ ಕೆಲಸ ಕೊಡಿ. ರಾಕ್ಷಸರ ಕಾರ್ಡ್ ತಿರುಗಿಸುವುದು, ಅವರು ಯಾರ ಮೇಲೆ ಬೀಳುತ್ತಾರೆ ಅಂತ ನೋಡುವುದು, ಜೀವದ ಲೆಕ್ಕ ಇಡುವುದು ಹುಷಾರಿರುವವರ ಕೆಲಸವೇ. ಕೈ ತುಂಬಾ ಕೆಲಸ ಇದ್ದರೆ ಬೇರೆಯವರ ಕಾರ್ಡ್ ಕಡೆ ಕಣ್ಣು ಹೋಗುವುದು ಕಡಿಮೆ. ನಿಯಮದ ಬಗ್ಗೆ ವಾದ ಎದ್ದರೆ ಎರಡು ನಿಮಿಷ ಹುಡುಕಿ. ಸಿಗದಿದ್ದರೆ ಆಟಗಾರರಿಗೆ ಅನುಕೂಲವಾಗುವ ಹಾಗೆ ತೀರ್ಮಾನಿಸಿ, ಚೀಟಿಯಲ್ಲಿ ಬರೆದಿಟ್ಟು ಮುಂದುವರಿಯಿರಿ. ಸರಿಯಾದ ಉತ್ತರವನ್ನು ರಾತ್ರಿ ನೋಡಿಕೊಂಡರಾಯಿತು. ಅದು ಮುಂದಿನ ವಾರದಿಂದ ಜಾರಿ. ಆಡಿದ್ದನ್ನು ಹಿಂದಕ್ಕೆ ತಿರುಗಿಸುವುದು ಬೇಡ.

ನಾಲ್ವರಲ್ಲಿ ಒಬ್ಬರು ಯಾವಾಗಲೂ ಬರುವುದಿಲ್ಲ. ಆಡದೆ ತಿಂಗಳಾದರೆ ಕಥೆಯೇ ಮರೆತುಹೋಗುತ್ತದೆ. (ಹುಬ್ಬಳ್ಳಿ)

ಕ್ಯಾಂಪೇನ್‌ಗಳು ಕಷ್ಟಕ್ಕಿಂತ ಹೆಚ್ಚಾಗಿ ಇದರಿಂದಲೇ ಅರ್ಧಕ್ಕೆ ನಿಲ್ಲುತ್ತವೆ. "ಎಲ್ಲರೂ ಬಂದರೆ ಮಾತ್ರ" ಅನ್ನುವ ಹಠ ಬಿಡಿ. ಇಬ್ಬರು ಬಂದರೂ ಆಟ ನಡೆಯಲಿ. ಗ್ಲೂಮ್‌ಹೇವನ್‌ನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಕೋಣೆಯಲ್ಲಿ ರಾಕ್ಷಸರ ಸಂಖ್ಯೆ ಬದಲಾಗುತ್ತದೆ, ಮಟ್ಟದ ಲೆಕ್ಕವೂ ಬಂದವರ ಸರಾಸರಿಯಿಂದಲೇ. ಬಾರದವರು ಹಿಂದೆ ಬಿದ್ದರೆ ಮನೆ ನಿಯಮ ಮಾಡಿ: ಉಳಿದವರಲ್ಲಿ ಅತಿ ಕಡಿಮೆ ಮಟ್ಟದವರಿಗಿಂತ ಒಂದು ಮಟ್ಟ ಕೆಳಗೆ ಇರಬಹುದು, ಅದಕ್ಕಿಂತ ಕೆಳಗೆ ಯಾರೂ ಇಳಿಯಬಾರದು.

ಕಥೆಯ ದೊಡ್ಡ ಘಟ್ಟಕ್ಕೆ ಅವರು ಇರಲೇಬೇಕು ಅನ್ನಿಸಿದರೆ ಆ ದಿನ ಹಳೆಯ ಸಿನಾರಿಯೊ ಒಂದನ್ನು ಕ್ಯಾಶುಯಲ್ ಮೋಡ್‌ನಲ್ಲಿ ಆಡಿ. ರೂಲ್‌ಬುಕ್ಕಿನಲ್ಲಿ ಇದಕ್ಕೆ ಅವಕಾಶ ಇದೆ. ಅನುಭವ, ಚಿನ್ನ ಸಿಗುತ್ತವೆ, ಕಥೆ ಮಾತ್ರ ಇದ್ದಲ್ಲೇ ಇರುತ್ತದೆ. ಪ್ಯಾಂಡೆಮಿಕ್ ಲೆಗಸಿಯಲ್ಲಿ ಈ ತಾಪತ್ರಯ ಇನ್ನೂ ಕಡಿಮೆ. ಅಲ್ಲಿ ಪ್ರತಿ ಆಟಕ್ಕೂ ಯಾರು ಯಾವ ಪಾತ್ರ ಬೇಕಾದರೂ ತೆಗೆದುಕೊಳ್ಳಬಹುದು.

ಮರೆವಿಗೆ ಮದ್ದು ಒಂದು ಹಳೆಯ ನೋಟ್‌ಬುಕ್. ಆಟ ಮುಗಿದ ಕೂಡಲೇ ಐದು ಸಾಲು ಬರೆಯಿರಿ. ಎಲ್ಲಿ ಹೋದೆವು, ಯಾರನ್ನು ಭೇಟಿಯಾದೆವು, ಯಾರಿಗೆ ಮಾತು ಕೊಟ್ಟೆವು, ಮುಂದೆ ಎಲ್ಲಿಗೆ. ಮುಂದಿನ ವಾರ ಕಳೆದ ಸಲ ಬಾರದವರೇ ಅದನ್ನು ಜೋರಾಗಿ ಓದಲಿ. ಉಳಿದವರು ಮಧ್ಯೆ ಬಾಯಿ ಹಾಕಿ ತಿದ್ದುತ್ತಾರೆ, ಆ ಗಲಾಟೆಯಲ್ಲೇ ಎಲ್ಲರಿಗೂ ಕಥೆ ನೆನಪಾಗುತ್ತದೆ. ಮೇಜು ಎತ್ತುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ. ಪ್ರತಿ ಪಾತ್ರದ ಕಾರ್ಡ್, ಟೋಕನ್‌ಗಳಿಗೆ ಒಂದೊಂದು ಜಿಪ್ ಕವರ್. ಗ್ಲೂಮ್‌ಹೇವನ್‌ನಲ್ಲಿ ಬರೀ ಜೋಡಿಸುವುದಕ್ಕೇ ಅರ್ಧ ಗಂಟೆ ಹೋಗುವುದುಂಟು. ಮನೆಯವರು ಜನ ಬರುವ ಮೊದಲೇ ಜೋಡಿಸಿಟ್ಟರೆ ಕೆಲಸದ ದಿನ ರಾತ್ರಿಯೂ ಆಡಬಹುದು.

ಕಥೆ ಪೂರ್ತಿ ಇಂಗ್ಲಿಷ್‌ನಲ್ಲಿದೆ. ಮಗಳಿಗೆ ಹತ್ತು ವರ್ಷ, ಅಮ್ಮನಿಗೂ ಆಡುವ ಆಸೆ. ಉದ್ದುದ್ದ ಓದಿದರೆ ಇಬ್ಬರೂ ಆಕಳಿಸುತ್ತಾರೆ. (ಶಿವಮೊಗ್ಗ)

ಓದಬೇಡಿ, ಹೇಳಿ. ನಮ್ಮಲ್ಲಿ ಗಮಕ ವಾಚನಕ್ಕೆ ವ್ಯಾಖ್ಯಾನ ಮಾಡುವವರು ಇರುತ್ತಾರಲ್ಲ, ಹಾಗೆ ಒಬ್ಬರು ಮನಸ್ಸಿನಲ್ಲೇ ಓದಿಕೊಂಡು ಕನ್ನಡದಲ್ಲಿ ಹೇಳಲಿ. ಪಾತ್ರಗಳ ಮಾತಿದ್ದರೆ ನಿಮ್ಮೂರಿನ ಭಾಷೆಯಲ್ಲೇ ಆಡಿ. ಆಯ್ಕೆ ಮಾಡುವ ಜಾಗದಲ್ಲಿ ಮಾತ್ರ ಹುಷಾರು: ಎರಡೂ ದಾರಿಯನ್ನು ಪುಸ್ತಕದಲ್ಲಿರುವಷ್ಟೇ ಹೇಳಿ, ನಿಮಗೆ ಇಷ್ಟವಾದದ್ದಕ್ಕೆ ಬಣ್ಣ ಹಚ್ಚಬೇಡಿ. ಆಮೇಲೆ ನಿರ್ಧಾರ ಅಮ್ಮನದೋ ಮಗಳದೋ ಆಗಲಿ.

ಆದರೆ ಹತ್ತು ವರ್ಷದವಳಿಗೆ ಗ್ಲೂಮ್‌ಹೇವನ್ ಬೇಡ. ಲೆಕ್ಕಾಚಾರ ಜಾಸ್ತಿ, ಕಥೆಯೂ ಕತ್ತಲೆ. ಝಾಂಬಿ ಕಿಡ್ಜ್ ಎವೊಲ್ಯೂಷನ್ ನೋಡಿ. 2018ರ ಆಟ, ಏಳು ವರ್ಷದ ಮೇಲಿನವರಿಗೆ. ಓದುವುದು ಬಹಳ ಕಮ್ಮಿ, ಹದಿನೈದು ನಿಮಿಷದೊಳಗೆ ಒಂದಾಟ ಮುಗಿಯುತ್ತದೆ. ಆಡುತ್ತಾ ಹೋದಂತೆ ಲಕೋಟೆ ಒಡೆಯುವ, ಸ್ಟಿಕ್ಕರ್ ಅಂಟಿಸುವ ಮಜಾ ಇದೆ. ಅಜ್ಜಿ ಮೊಮ್ಮಗಳು ಇಬ್ಬರೇ ಕೂತರೂ ಆಗುತ್ತದೆ.

ಪ್ಯಾಂಡೆಮಿಕ್ ಲೆಗಸಿಯಲ್ಲಿ ಕಾರ್ಡ್ ಹರಿದು ಹಾಕಿ ಅನ್ನುತ್ತಾರೆ. ಇಷ್ಟು ದುಡ್ಡು ಕೊಟ್ಟು ಹರಿಯಲು ಮನಸ್ಸು ಬರುತ್ತಿಲ್ಲ. (ಮಂಗಳೂರು)

ಮನಸ್ಸು ಬರುವುದಿಲ್ಲ, ಸಹಜ. ಈ ರೂಢಿ ಶುರುವಾದದ್ದು 2011ರ ರಿಸ್ಕ್ ಲೆಗಸಿಯಿಂದ. ಅದನ್ನು ಮಾಡಿದ ರಾಬ್ ಡಾವಿಯೊ ಅವರೇ ಮ್ಯಾಟ್ ಲೀಕಾಕ್ ಜೊತೆ ಸೇರಿ 2015ರಲ್ಲಿ ಪ್ಯಾಂಡೆಮಿಕ್ ಲೆಗಸಿ ತಂದರು. ಹರಿಯುವ ಬದಲು ಒಂದು ಕವರಿನಲ್ಲಿ ಹಾಕಿ ಅಂಟಿಸಿಟ್ಟರೂ ಆಟ ನಡೆಯುತ್ತದೆ. ಆದರೆ ಕಥೆ ಗೊತ್ತಾದ ಮೇಲೆ ಅದನ್ನೇ ಮತ್ತೆ ಮೊದಲಿಂದ ಆಡುವವರು ಅಪರೂಪ. ನನ್ನ ಸಲಹೆ ಕೇಳಿದರೆ, ಹರಿಯಿರಿ. ನಾಲ್ಕು ಜನ ದುಡ್ಡು ಹಂಚಿಕೊಂಡರೆ ಒಂದೊಂದು ಸಂಜೆಗೆ ಸಿನಿಮಾ ಟಿಕೆಟ್‌ಗಿಂತ ದುಬಾರಿಯೇನೂ ಆಗುವುದಿಲ್ಲ. ಗ್ಲೂಮ್‌ಹೇವನ್‌ನಲ್ಲಿ ಸ್ಟಿಕ್ಕರ್ ಅಂಟಿಸುವುದಿದೆ, ಅದಕ್ಕಾದರೆ ಕಿತ್ತು ತೆಗೆಯಬಹುದಾದ ಸ್ಟಿಕ್ಕರ್‌ಗಳು ಬೇರೆಯಾಗಿ ಸಿಗುತ್ತವೆ. ಆಡಿ ಮುಗಿಸಿ ಇನ್ನೊಬ್ಬರಿಗೆ ಮಾರುವ ಯೋಚನೆ ಇದ್ದರೆ ಅವನ್ನು ತೆಗೆದುಕೊಳ್ಳಿ.

ಇದುವರೆಗೆ ಇಂಥ ಆಟ ಆಡಿಲ್ಲ. ಎಲ್ಲಿಂದ ಶುರು ಮಾಡಲಿ? (ನ್ಯೂಜೆರ್ಸಿ)

ಜಾಸ್ ಆಫ್ ದ ಲಯನ್. ಗ್ಲೂಮ್‌ಹೇವನ್‌ನ ತಮ್ಮ, 2020ರಲ್ಲಿ ಬಂದದ್ದು. 25 ಸಿನಾರಿಯೊ, ನಾಲ್ಕು ಪಾತ್ರ. ಮೊದಲ ಐದು ಸಿನಾರಿಯೊಗಳು ಒಂದೊಂದೇ ನಿಯಮ ಕಲಿಸುತ್ತವೆ. ಪುಸ್ತಕದ ಪುಟವೇ ನಕ್ಷೆ, ಹಾಗಾಗಿ ತುಂಡುಗಳನ್ನು ಹುಡುಕುತ್ತಾ ಕೂರಬೇಕಿಲ್ಲ. ಒಬ್ಬರೇ ಆಡುವುದಾದರೆ ಎರಡು ಪಾತ್ರ ಹಿಡಿಯಿರಿ.

ನಾವು ಮಲಗಿದ್ದಾಗ ಮಗ ಗ್ಲೂಮ್‌ಹೇವನ್‌ನ ಮುಚ್ಚಿದ ಪೆಟ್ಟಿಗೆಗಳನ್ನೆಲ್ಲ ಒಡೆದು ನೋಡಿದ್ದಾನೆ. ಆಟ ಹಾಳಾಯಿತೇ? (ಮೈಸೂರು)

ಇಲ್ಲ. 17 ಪಾತ್ರಗಳಲ್ಲಿ ಆರು ಮೊದಲಿಂದಲೇ ತೆರೆದಿರುತ್ತವೆ. ಅವನು ನೋಡಿದ್ದು ಉಳಿದ 11. ಬೊಂಬೆ ನೋಡಿದ ಮಾತ್ರಕ್ಕೆ ಆ ಪಾತ್ರ ಆಡುವುದು ಹೇಗೆ ಅಂತ ಗೊತ್ತಾಗುವುದಿಲ್ಲ. ವಾಪಸ್ ಹಾಕಿ ಟೇಪ್ ಅಂಟಿಸಿಬಿಡಿ. ನೀವು ಕೇಳಬೇಕಾದದ್ದು ಬೇರೆ: ಊರಿನ ಮತ್ತು ದಾರಿಯ ಘಟನೆಗಳ ಕಾರ್ಡ್‌ಗಳ ಹಿಂಬದಿ ಓದಿದ್ದಾನಾ ಅಂತ. ಮುಂಬದಿಯಲ್ಲಿ ಆಯ್ಕೆ, ಹಿಂಬದಿಯಲ್ಲಿ ಅದರ ಫಲ ಇರುತ್ತದೆ. ಓದಿದ್ದರೆ, ಆ ಕಾರ್ಡ್ ಬಂದಾಗ ಅವನು ಮತ ಹಾಕುವ ಹಾಗಿಲ್ಲ. ಹಿಂಬದಿ ಜೋರಾಗಿ ಓದುವ ಕೆಲಸ ಅವನಿಗೇ ಕೊಡಿ.