ಜಲ್ಲಿ ಸಿಡಿದು ಬಿಳಿ ಕಾರಿನ ಬಾನೆಟ್ಟಿನ ಪೇಂಟ್ ಅಲ್ಲಲ್ಲಿ ಹಾರಿದೆ. ಇಡೀ ಬಾನೆಟ್ ಪೇಂಟ್ ಮಾಡಿಸಬೇಕು ಅಂತಾರೆ ಗ್ಯಾರೇಜಿನವರು. ಮನೆಯಲ್ಲೇ ಟಚ್‌ಅಪ್ ಮಾಡಬಹುದಾ?

ಧಾರಾಳವಾಗಿ ಮಾಡಬಹುದು. ಹೆಸರುಕಾಳಿನಷ್ಟು ಕಲೆಗೆ ಇಡೀ ಬಾನೆಟ್ ಪೇಂಟ್ ಮಾಡಿಸೋದು ದಂಡ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ ಟಿಪ್ಪರ್ ಹಿಂದೆ ಓಡಾಡೋ ನಮ್ಮಂಥವರ ಕಾರಿನ ಮೂತಿ ಎಲ್ಲಾ ಹೀಗೇ.

ಮೊದಲು ಗುಳಿಯ ತಳ ನೋಡಿ. ಮೇಲಿನ ಬಣ್ಣವಿಲ್ಲದ ಹೊಳಪಿನ ಪದರ (ಕ್ಲಿಯರ್ ಕೋಟ್), ಬಣ್ಣ, ಅದರಡಿಯ ತಳಪದರ (ಪ್ರೈಮರ್) ಎಲ್ಲ ಸೇರಿದರೂ ಸುಮಾರು 0.1 ಮಿಲಿಮೀಟರ್ ದಪ್ಪ ಅಷ್ಟೇ. ಬೂದು ಬಣ್ಣ ಕಂಡರೆ ಪ್ರೈಮರ್ ಉಳಿದಿದೆ, ಅವಸರವಿಲ್ಲ. ತಗಡು ಹೊಳೀತಿದ್ದರೆ, ಕೆಂಪಗಾಗಿದ್ದರೆ ಮಾತ್ರ ತಡ ಮಾಡಬೇಡಿ, ತುಕ್ಕು ಪಕ್ಕದ ಪೇಂಟಿನ ಅಡಿಗೂ ನುಗ್ಗುತ್ತೆ.

ಅಂಗಡಿಯಲ್ಲಿ "ಬಿಳಿ ಕೊಡಿ" ಅಂದರೆ ಯಾವುದೋ ಬಿಳಿ ಕೊಡ್ತಾರೆ. ಕಾರಿನ ಬಾಗಿಲ ಕಂಬದಲ್ಲೋ ಬಾನೆಟ್ ಒಳಗೋ ಇರೋ ಪ್ಲೇಟಿನಲ್ಲಿ ಕಲರ್ ಕೋಡ್ ಇರುತ್ತೆ, ಅದನ್ನೇ ಬರಕೊಂಡು ಹೋಗಿ.

ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹಳೇ ವ್ಯಾಕ್ಸಿನ ಜಿಡ್ಡಿದ್ದರೆ ಪೇಂಟ್ ಕಚ್ಚೋದಿಲ್ಲ. ತುಕ್ಕಿದ್ದರೆ ಬ್ಲೇಡಿನ ಮೊನೆಯಿಂದ ಕೆರೆದು ಒಂದು ಹನಿ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನ ಗಟ್ಟಿ ಪದರವಾಗಿಸೋ ದ್ರಾವಣ) ಬಿಡಿ. ಟ್ಯಾನಿಕ್ ಆಸಿಡ್ ಇರೋದಾದರೆ ಕಲೆ ಕಪ್ಪಾಗುತ್ತೆ, ಗಾಬರಿ ಬೇಡ. ಅಡಿಕೆ ಚೊಗರು ಕಬ್ಬಿಣಕ್ಕೆ ತಾಗಿ ಕಪ್ಪಾಗೋದೂ ಇದೇ ಟ್ಯಾನಿನ್ನಿನಿಂದ. ಅದು ಒಣಗಿದ ಮೇಲೆ ತೆಳ್ಳಗೆ ಪ್ರೈಮರ್, ಆಮೇಲೆ ಬಣ್ಣ.

ಬಾಟಲಿ ಜತೆ ಬರೋ ಬ್ರಷ್ ಬೇಡ, ತೀರಾ ದಪ್ಪ. ಹಲ್ಲುಕಡ್ಡಿ ತುದಿಯಲ್ಲಿ ಸಣ್ಣ ಹನಿ ತಗೊಂಡು ಗುಳಿಯ ನಡುವೆ ತಾಗಿಸಿ, ಅದೇ ಅಂಚಿನವರೆಗೆ ಹರಡಿಕೊಳ್ಳುತ್ತೆ. ಒಣಗಿದಾಗ ಬಣ್ಣ ಕುಗ್ಗೋದರಿಂದ ಮತ್ತೆ ಗುಳಿ ಕಾಣುತ್ತೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು ಹನಿ. ಸುತ್ತಲಿನ ಮಟ್ಟಕ್ಕೆ ಸ್ವಲ್ಪ ಕೆಳಗಿರೋವಾಗಲೇ ನಿಲ್ಲಿಸಿ, ಉಳಿದದ್ದು ಕ್ಲಿಯರ್ ಕೋಟಿಗೆ. ಕೊನೆಗೆ 2000 ನಂಬರಿನ ವಾಟರ್ ಪೇಪರ್ ಹಾಕಿ ಸಪಾಟು ಮಾಡೋದನ್ನ ವಿಡಿಯೋಗಳಲ್ಲಿ ತೋರಿಸ್ತಾರೆ. ಬಿಳಿ ಕಾರಿಗೆ ಆ ಉಸಾಬರಿ ಯಾಕೆ? ಸ್ವಲ್ಪ ಕೈ ತಪ್ಪಿದರೆ ಸುತ್ತಲಿನ ಒಳ್ಳೇ ಕ್ಲಿಯರ್ ಕೋಟೂ ಸವೆದು ಹೋಗುತ್ತೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಹವೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತೆ. ಗಾಳಿಯಲ್ಲಿ ತೇವ ಇದ್ದರೆ ಅಲ್ಲಿ ನೀರಿನ ಪಸೆ ಕೂತು ಕ್ಲಿಯರ್ ಕೋಟ್ ಮಬ್ಬಾಗಿ ಬೆಳ್ಳಗಾಗುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ದೀಪಾವಳಿ ಕಳೆದು ಅಂಗಳದಲ್ಲಿ ಅಡಿಕೆ ಹರವೋ ಬಿಸಿಲು ಬರಲಿ. ಆಗಲೂ ಇಬ್ಬನಿ ಪೂರ್ತಿ ಆರಿದ ಮೇಲೆ ಶುರು ಮಾಡಿ. ಕಾರು ಮಾತ್ರ ನೆರಳಲ್ಲಿರಲಿ, ಕಾದ ತಗಡಿನ ಮೇಲೆ ಹನಿ ಹರಡೋ ಮೊದಲೇ ಗಟ್ಟಿಯಾಗುತ್ತೆ.

ಅಲ್ಲಿವರೆಗೆ ಹೇರ್ ಡ್ರೈಯರಿನಿಂದ ಗುಳಿ ಒಣಗಿಸಿ ಕಾರ್ ವ್ಯಾಕ್ಸ್ ಒತ್ತಿ ತುಂಬಿ, ಕಾರು ತೊಳೆದಾಗಲೆಲ್ಲ ಮತ್ತೆ ಹಚ್ಚಿ. ಪೇಂಟ್ ಅಡಿಯಲ್ಲಿ ಆಗಲೇ ಗುಳ್ಳೆ ಎದ್ದಿದ್ದರೆ ಮಾತ್ರ ಗ್ಯಾರೇಜಿನವರು ಹೇಳಿದ್ದೇ ಸರಿ.