ಎಲ್ಲ ಕಳೆದುಕೊಂಡು ಮತ್ತೆ ಬದುಕು ಕಟ್ಟಿಕೊಳ್ಳುವವರ ಕಥೆ ಇರುವ ಕನ್ನಡ ಕಾದಂಬರಿ ಯಾವುದು?

ಮೊದಲು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿ. ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಹಿರಿಯರು ದುಡಿದು ಗಳಿಸಿದ್ದನ್ನು ಓದು ಕಲಿತ ಮಗ ಲಚ್ಚ ಹಾಳುಮಾಡುತ್ತಾನೆ. ಮೊಮ್ಮಗ ರಾಮ ಪಟ್ಟಣಗಳಲ್ಲಿ ಅಲೆದು, ಕೆಲಸ ಸಿಗದೆ ಬಳಲಿ, ಊರಿನ ಗದ್ದೆಗೇ ಮರಳುತ್ತಾನೆ. ನನ್ನನ್ನು ಜಾಸ್ತಿ ಕಾಡುವುದು ಅವನ ತಾಯಿ ನಾಗವೇಣಿ. ಗಂಡನಿಂದ ಅಷ್ಟು ನೋವು ಉಂಡರೂ ಮಗನನ್ನು ಬೆಳೆಸುತ್ತಾಳೆ, ಪಿಟೀಲು ನುಡಿಸುತ್ತಾಳೆ. ಅವಳ ಚೇತರಿಕೆಗೆ ವರ್ಷಗಳೇ ಹಿಡಿಯುತ್ತವೆ. ನಿಜದಲ್ಲೂ ಹಾಗೇ ಅಲ್ವಾ?

ತ್ರಿವೇಣಿಯವರ ‘ಶರಪಂಜರ’ ಇದಕ್ಕೆ ಉಲ್ಟಾ. ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿಗೆ ಗಂಡನಾಗಲಿ, ಸುತ್ತಲಿನವರಾಗಲಿ ಎರಡನೇ ಅವಕಾಶ ಕೊಡುವುದಿಲ್ಲ. ತುಂಬ ಒಳ್ಳೆಯ ಕಾದಂಬರಿ. ಆದರೆ ದುಃಖ ಇನ್ನೂ ಹಸಿಯಾಗಿದ್ದರೆ ಸ್ವಲ್ಪ ದಿನ ಬಿಟ್ಟು ಓದಿ.