ಏಳನೆಯ ಭೇಟಿಯವರೆಗೆ ಕಾಯಬೇಕು

ನೀವು ಕೇಳಿರುವುದು ಎರಡು: ಮೂರು ವರ್ಷ ಆಪ್ತನಾಗಿದ್ದ ಸ್ನೇಹಿತ ‘ನಾರ್ಸಿಸಿಸ್ಟ್’, ಅಂದರೆ ತನ್ನನ್ನೇ ಮೆಚ್ಚಿಕೊಳ್ಳುವ ಸ್ವಮೋಹಿ, ಎಂಬುದು ಮೊದಲೇ ಏಕೆ ತಿಳಿಯಲಿಲ್ಲ, ಇಂಥವರು ಸಮಾಜದಲ್ಲಿ ಹೆಚ್ಚುತ್ತಿದ್ದಾರೆಯೇ. ಮೊದಲನೆಯದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ನಾನು ನಾಲ್ಕು ವರ್ಷ ಮೋಸಹೋದವನು.

ನನ್ನ ಹಿಂದಿನ ಕೆಲಸದ ಮೇಲಧಿಕಾರಿಯನ್ನು ಮೊದಲು ಕಂಡ ದಿನ, ಇಷ್ಟು ಆತ್ಮೀಯವಾಗಿ ಮಾತನಾಡುವವರು ಇನ್ನೊಬ್ಬರಿಲ್ಲ ಎನಿಸಿತ್ತು. ಹೆಸರು ನೆನಪಿಟ್ಟುಕೊಂಡಿದ್ದರು, ನಗಿಸಿದ್ದರು, ನನ್ನಲ್ಲಿ ಪ್ರತಿಭೆಯಿದೆ ಎಂದಿದ್ದರು. ನಾನು ಬರೆದ ವರದಿಯ ಮೇಲೆ ಅವರ ಹೆಸರು ಕಂಡಾಗಲೂ ಕಣ್ತಪ್ಪಿ ಆಗಿರಬಹುದೆಂದು ನಾನೇ ಸಮರ್ಥಿಸಿಕೊಂಡೆ. ಎರಡನೆಯ ಸಲ ಕೇಳಿದೆ. ಅಂದಿನಿಂದ ಸಭೆಗಳಲ್ಲಿ ನಾನು ಅವರ ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ಆಮೇಲೆ ಇದರ ಬಗ್ಗೆ ಓದತೊಡಗಿದೆ. ಮನಶ್ಶಾಸ್ತ್ರಜ್ಞ ಡೆಲ್ರಾಯ್ ಪೌಲಸ್ 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು. ಪರಸ್ಪರ ಪರಿಚಯವಿಲ್ಲದ ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನು ಏಳು ಸಲ ಕೂಡಿಸಿ, ಒಬ್ಬರು ಇನ್ನೊಬ್ಬರ ಬಗ್ಗೆ ಏನೆಂದುಕೊಳ್ಳುತ್ತಾರೆ ಎಂದು ಕೇಳಿದರು. ತನ್ನನ್ನು ತಾನೇ ಮೆರೆಸಿಕೊಳ್ಳುವವರು ಮೊದಲ ಭೇಟಿಯ ನಂತರ ಸಮರ್ಥರಾಗಿ, ಸ್ನೇಹಪರರಾಗಿ ಕಂಡಿದ್ದರು. ಏಳನೆಯ ಭೇಟಿಯ ಹೊತ್ತಿಗೆ ಅವರೇ ಎಲ್ಲರಿಗೂ ಬೇಡವಾಗಿದ್ದರು. 2010ರ ಇನ್ನೊಂದು ಅಧ್ಯಯನ ಇನ್ನೂ ಮುಜುಗರ ತರುವಂಥದ್ದು: ‘ನನಗೆ ಎಲ್ಲವೂ ಸಲ್ಲಬೇಕು’ ಎಂಬ ಧೋರಣೆ, ಇತರರನ್ನು ಬಳಸಿಕೊಳ್ಳುವ ಪ್ರವೃತ್ತಿ, ಅಂದರೆ ಮುಂದೆ ನಮಗೆ ಮುಳುವಾಗುವ ಗುಣಗಳೇ, ಮೊದಲ ನೋಟದಲ್ಲಿ ಅತಿ ಹೆಚ್ಚು ಮೆಚ್ಚುಗೆ ಗಳಿಸಿದ್ದವು. ಚೊಕ್ಕ ಉಡುಪು, ಹಾಸ್ಯ, ಅಳುಕಿಲ್ಲದ ನಿಲುವು. ಮರುಳಾಗಲು ನಮಗೆ ಅಷ್ಟು ಸಾಕು.

ಇದೇ ಪೌಲಸ್ ಮತ್ತು ಕೆವಿನ್ ವಿಲಿಯಮ್ಸ್ 2002ರಲ್ಲಿ ಸ್ವಮೋಹ, ಮ್ಯಾಕಿಯಾವೆಲ್ಲಿಯನಿಸಮ್ (ಲೆಕ್ಕಾಚಾರದ ಕುತಂತ್ರ), ಸೈಕೋಪತಿ (ಕನಿಕರವಿಲ್ಲದ ದುಡುಕು) ಮೂರನ್ನೂ ‘ಕರಾಳ ತ್ರಯ’ ಎಂದು ಒಟ್ಟಿಗೆ ನೋಡಿದರು. ಮೂರೂ ಒಂದನ್ನೊಂದು ತಾಗುತ್ತವೆ, ಆದರೆ ಒಂದೇ ಅಲ್ಲ. ಸ್ವಮೋಹಿಗೆ ನಿಮ್ಮ ಚಪ್ಪಾಳೆ ಬೇಕು, ಅದಕ್ಕಾಗಿ ಹಸಿದಿರುತ್ತಾನೆ. ಮ್ಯಾಕಿಯಾವೆಲ್ಲಿಯನ್ ಸ್ವಭಾವದವನಿಗೆ ಚಪ್ಪಾಳೆಯ ಹಂಗಿಲ್ಲ. ಲೆಕ್ಕ ಹಾಕಿ ಕಾಯುತ್ತಾನೆ. ಸೈಕೋಪತಿ ಹೆಚ್ಚಿರುವವನಿಗೆ ಕಾಯುವ ತಾಳ್ಮೆಯೂ ಕಡಿಮೆ, ಕನಿಕರವೂ ಕಡಿಮೆ. ನನ್ನ ಮೇಲಧಿಕಾರಿ ಮೊದಲನೆಯ ಬಗೆ ಎಂದು ನನ್ನ ಊಹೆ.

ಊಹೆ ಎಂದು ಬೇಕೆಂದೇ ಹೇಳಿದೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸ್ವಮೋಹದ ವ್ಯಕ್ತಿತ್ವ ದೋಷ ಸೇರಿದ್ದು 1980ರಲ್ಲಿ. ಈಗ ಅದರ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದಾದರೂ ಇರಬೇಕು, ಅದನ್ನು ತಜ್ಞರೇ ನಿರ್ಧರಿಸಬೇಕು. ಸ್ವಮೋಹವೆಂಬ ಗುಣವಂತೂ ಎತ್ತರ, ತೂಕಗಳಂತೆ ಎಲ್ಲರಲ್ಲೂ ಒಂದಷ್ಟು ಇರುವಂಥದ್ದು. ಈ ಉತ್ತರಕ್ಕೆ ಎಷ್ಟು ಮೆಚ್ಚುಗೆ ಬರುತ್ತದೆ ಎಂದು ನಾಳೆ ನಾನೂ ಇಣುಕಿ ನೋಡುವವನೇ. ನಿಮ್ಮ ಸ್ನೇಹಿತನಿಗೆ ಹೆಸರಿಡುವುದಕ್ಕಿಂತ, ಒಂದು ಸಣ್ಣ ವಿಷಯಕ್ಕೆ ‘ಆಗುವುದಿಲ್ಲ’ ಎಂದು ಹೇಳಿ ಅವನು ಏನು ಮಾಡುತ್ತಾನೆ ಎಂದು ನೋಡಿ. ನಾನು ಎರಡನೆಯ ವರ್ಷವೇ ಹಾಗೆ ಮಾಡಬೇಕಿತ್ತು.

ಇಂಥವರು ಹೆಚ್ಚುತ್ತಿದ್ದಾರೆಯೇ? ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಸ್ವಮೋಹ ಏರುತ್ತಿದೆ ಎಂದು 2008ರ ಒಂದು ವಿಶ್ಲೇಷಣೆ ಸಾರಿತು. ದೊಡ್ಡ ಗದ್ದಲವೂ ಆಯಿತು. 2017ರ ಮತ್ತೊಂದು ವಿಶ್ಲೇಷಣೆಯಲ್ಲಿ 1990ರ ದಶಕದಿಂದ ಈಚೆಗೆ ಅದು ತುಸು ಇಳಿದಿರುವುದೇ ಕಂಡಿತು. ನನಗೆ ತೋರುವ ಮಟ್ಟಿಗೆ ಹೆಚ್ಚಿರುವುದು ಸ್ವಮೋಹಿಗಳಲ್ಲ, ಮೊದಲ ಭೇಟಿಗಳು. ಅರ್ಧ ಗಂಟೆಯ ಸಂದರ್ಶನ, ಅರ್ಧ ನಿಮಿಷದ ವಿಡಿಯೊ, ವೇದಿಕೆಯ ಭಾಷಣ: ಎಲ್ಲಿಯೂ ಏಳನೆಯ ಭೇಟಿ ಬರುವುದೇ ಇಲ್ಲ. ನೌಕರಿ, ಬಡ್ತಿ, ಮತ ಎಲ್ಲವನ್ನೂ ನಾವು ಅಲ್ಲಿಯೇ ಹಂಚಿ ಮುಗಿಸಿರುತ್ತೇವೆ.

ನಾನು ಕೆಲಸ ಬಿಟ್ಟ ದಿನ ಆ ಮೇಲಧಿಕಾರಿ ನನ್ನ ಬೀಳ್ಕೊಡುಗೆಯಲ್ಲಿ ಇಪ್ಪತ್ತು ನಿಮಿಷ ಮಾತನಾಡಿದರು, ಹೆಚ್ಚಿನಂಶ ತಮ್ಮ ಬಗ್ಗೆಯೇ. ಹಿಂದಿನ ಸಾಲಿನಲ್ಲಿದ್ದ ಹಳಬರು ಗಡಿಯಾರ ನೋಡುತ್ತಿದ್ದರು. ಮುಂದಿನ ಸಾಲಿನವರು ಮನಸಾರೆ ಚಪ್ಪಾಳೆ ತಟ್ಟಿದರು. ಅವರು ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ.